ಸ್ಥಿರವಾಯುಗುಣದ ನೆಲೆಗಳೂ ಬದಲಿ ನೆಡುತೋಪಿನ ವಾದವೂ

ಕಾಡಿನ ವಿಷಯವಾಗಿ ಸಭೆಯಲ್ಲಾಗಲಿ ವೃತ್ತಪತ್ರಿಕೆಗಳಲ್ಲಾಗಲಿ ಚರ್ಚೆ ನಡೆದಾಗಲೆಲ್ಲ ಈಚೆಗೆ ಎರಡು ಮಾತುಗಳು ತಪ್ಪದೆ ಕೇಳಿಬರುತ್ತಿರುವುವು. ಭೂಮಿಯ ವಾಯುಗುಣವು ಆದಿಯಿಂದಲೂ ಬದಲಾಗುತ್ತಲೇ ಬಂದಿದೆ, ಹಿಮಯುಗಗಳು ಬಂದುವು, ಹೋದುವು, ಜೀವಕೋಟಿಯು ಉಳಿದುಕೊಂಡಿತು, ಈಗ ಒಂದೆರಡು ಡಿಗ್ರಿ ಏರಿದ ಮಾತ್ರಕ್ಕೆ ಇಷ್ಟು ಗದ್ದಲವೇಕೆ ಎಂಬುದು ಮೊದಲನೆಯದು. ಇಲ್ಲಿ ನೂರು ಎಕರೆ ಕಾಡು ಹೋದರೆ ಬೇರೊಂದು ಕಡೆ ಇನ್ನೂರು ಎಕರೆಯಲ್ಲಿ ಗಿಡ ನೆಡುತ್ತೇವೆ, ಅಲ್ಲಿಗೆ ಲೆಕ್ಕ ಚುಕ್ತವಾಯಿತು ಎಂಬುದು ಎರಡನೆಯದು. ಹೀಗೆ ಹೇಳುವವರು ಓದುಬರಹವಿಲ್ಲದವರಲ್ಲ. ಕಾಡಿನ ಅಂಚಿನಲ್ಲಿ ಬಾಳುವ ರೈತನ ಬಾಯಲ್ಲಿ ಈ ಮಾತು ಅಪರೂಪ. ಪದವೀಧರರ ಬಾಯಲ್ಲಿಯೇ ಹೆಚ್ಚು. ಮೇಲುನೋಟಕ್ಕೆ ಇವೆರಡೂ ಬೇರೆ ಬೇರೆ ವಾದಗಳಂತೆ ತೋರಿದರೂ ಎರಡರ ಬುಡದಲ್ಲಿರುವ ನಂಬಿಕೆ ಒಂದೇ. ಭೂಮಿಯ ಮೇಲಣ ಸ್ಥಳಗಳೆಲ್ಲವೂ ಸಮಾನ, ಒಂದಕ್ಕೆ ಬಂದ ಬದಲಾವಣೆಯೇ ಎಲ್ಲಕ್ಕೂ ಬಂದಿತ್ತು, ಆದಕಾರಣ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇರಿಸಬಹುದು ಎಂಬುದೇ ಆ ನಂಬಿಕೆ. ಈ ನಂಬಿಕೆಯು ಸುಳ್ಳೆಂದು ಭೂಪಟದ ಮೂಲಕ ತೋರಿಸಬಲ್ಲ ಒಂದು ವಿದ್ಯೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಬೆಳೆದುಬಂದಿದೆ. ಅದನ್ನು ವಾದಿಗಳು ಇನ್ನೂ ನೋಡಿದಂತಿಲ್ಲ.

ಮೊದಲ ಮಾತನ್ನು ತೆಗೆದುಕೊಳ್ಳೋಣ. ತರ್ಕಶಾಸ್ತ್ರದಲ್ಲಿ ಛಲವೆಂಬ ಒಂದು ದೋಷವುಂಟು. ಎದುರಾಳಿಯು ಒಂದು ಅರ್ಥದಲ್ಲಿ ಹೇಳಿದ ಶಬ್ದವನ್ನು ಇನ್ನೊಂದು ಅರ್ಥಕ್ಕೆ ಎಳೆದು ಖಂಡಿಸುವುದು ವಾಕ್ಛಲ. ನವಕಂಬಲದ ಉದಾಹರಣೆಯನ್ನು ತರ್ಕದ ಮೊದಲ ಪಾಠ ಓದಿದವರೆಲ್ಲರೂ ಬಲ್ಲರು: ಹೊಸ ಕಂಬಳಿಯುಳ್ಳವನು ಎಂದರೆ, ಇವನಲ್ಲಿ ಒಂಬತ್ತು ಕಂಬಳಿಗಳೆಲ್ಲಿವೆ ಎಂದು ಕೇಳುವುದು. ಬದಲಾವಣೆಯೆಂಬ ಶಬ್ದಕ್ಕೆ ಈಗ ಒದಗಿರುವ ಗತಿ ಅದೇ. ಭೂಮಿಯ ಸರಾಸರಿ ಉಷ್ಣತೆ ಬದಲಾಯಿತೆಂಬುದು ಒಂದು ಅರ್ಥ; ಒಂದು ನಿರ್ದಿಷ್ಟ ಕಣಿವೆಯಲ್ಲಿ, ಅಲ್ಲಿಯ ಹಳ್ಳದ ಕಪ್ಪೆಗೆ ತಗುಲಿದ ಬದಲಾವಣೆ ಇನ್ನೊಂದು ಅರ್ಥ. ಪೂರ್ವಪಕ್ಷಿಯು ಮೊದಲನೆಯದನ್ನು ಸಾಧಿಸಿ ಎರಡನೆಯದೂ ಸಿದ್ಧವಾಯಿತೆನ್ನುತ್ತಾನೆ.

ಭೂಮಿಯ ವಾಯುಗುಣ ಬದಲಾಗುತ್ತ ಬಂದಿದೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಸೆರ್ಬಿಯದ ಗಣಿತಜ್ಞ ಮಿಲಾಂಕೊವಿಚ್ ಎಂಬಾತನು ಇದರ ಲೆಕ್ಕವನ್ನು 1941ರಲ್ಲಿ ಒಂದು ದೊಡ್ಡ ಗ್ರಂಥವಾಗಿ ಹೊರತಂದನು. ಪಂಚಾಂಗ ಬಲ್ಲವರಿಗೆ ಅಯನಾಂಶವು ಹೊಸದಲ್ಲ. ಭೂಮಿಯ ಅಕ್ಷವು ಬುಗುರಿಯಂತೆ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ತಿರುಗುವುದೇ ಆ ಅಯನಚಲನೆಗೆ ಕಾರಣ. ಅಕ್ಷದ ವಾಲುವಿಕೆಯು ಸುಮಾರು 41,000 ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುವುದು. ಕಕ್ಷೆಯ ಆಕಾರವು ಸುಮಾರು ಒಂದು ಲಕ್ಷ ವರ್ಷಗಳ ಅವಧಿಯಲ್ಲಿ ಹಿಗ್ಗಿ ಕುಗ್ಗುವುದು. ಇವೆಲ್ಲ ಕೂಡಿ ಹಿಮಯುಗಗಳನ್ನು ತಂದುವು. ಕೊನೆಯ ಹಿಮಯುಗವು ಪರಾಕಾಷ್ಠೆಗೇರಿದ್ದು ಸುಮಾರು 21,000 ವರ್ಷಗಳ ಹಿಂದೆ. ಆಗ ಸ್ಕ್ಯಾಂಡಿನೇವಿಯವೂ ಸ್ಕಾಟ್ಲೆಂಡೂ ಉತ್ತರ ಅಮೇರಿಕದ ಅರ್ಧಭಾಗವೂ ಮಂಜಿನ ಗಡ್ಡೆಯ ಅಡಿಯಲ್ಲಿದ್ದುವು. ಸಮುದ್ರವು ಈಗಿನದಕ್ಕಿಂತ 120 ಮೀಟರಿಗೂ ಹೆಚ್ಚು ಕೆಳಗಿತ್ತು. ಇಲ್ಲಿಯವರೆಗೆ ಪೂರ್ವಪಕ್ಷಿಗೂ ಶಾಸ್ತ್ರಜ್ಞರಿಗೂ ಭೇದವಿಲ್ಲ. ಭೇದವು ಹುಟ್ಟುವುದು ಮುಂದಿನ ಪ್ರಶ್ನೆಯಲ್ಲಿ: ಈ ಬದಲಾವಣೆ ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿ ನಡೆಯಿತೆ?

ನಡೆಯಲಿಲ್ಲ. ಧ್ರುವಗಳ ಕಡೆಗೆ ಹತ್ತಾರು ಡಿಗ್ರಿಗಳಷ್ಟು ಏರಿಳಿತವಾದಾಗ ಸಮಭಾಜಕ ವೃತ್ತದ ಸಮೀಪದಲ್ಲಿ ಕೆಲವೇ ಡಿಗ್ರಿಗಳಷ್ಟಾಯಿತು. ಉಷ್ಣವಲಯದೊಳಗೂ ಕಡಲಿನ ಆರ್ದ್ರಗಾಳಿಗೆ ಮುಖಮಾಡಿದ ಬೆಟ್ಟದ ಮಗ್ಗುಲಿಗೂ ಅದರ ಬೆನ್ನಿಗಿರುವ ಒಣನೆಲಕ್ಕೂ ಅಜಗಜಾಂತರ. ಈ ವ್ಯತ್ಯಾಸವನ್ನು ಭೂಪಟದ ಮೇಲೆ ತೋರಿಸುವ ಕ್ರಮವು ಸರಳವಾದುದು. ಭೂಮಂಡಲವನ್ನು ಚದುರಂಗದ ಹಾಸಿನಂತೆ ಚೌಕಗಳಾಗಿ ಗೆರೆಹಾಕಿಕೊಂಡು, ಒಂದೊಂದು ಚೌಕದಲ್ಲಿಯೂ ಇಂದಿಗೆ ಸಾವಿರ ವರ್ಷದ ಹಿಂದೆ ಎಷ್ಟು ಉಷ್ಣತೆ, ಎಷ್ಟು ಮಳೆ, ಎರಡು ಸಾವಿರ ವರ್ಷದ ಹಿಂದೆ ಎಷ್ಟು, ಹೀಗೆ ಹಿಂದುಹಿಂದಕ್ಕೆ ಗಣಕಯಂತ್ರದಿಂದ ಗುಣಿಸುತ್ತ ಹೋಗುವರು. ಆ ಗಣಿತಕ್ಕೆ ಸಾಕ್ಷಿಯಾಗಿ ಕೆರೆಯ ತಳದ ಕೆಸರಿನಲ್ಲಿ ಹೂತ ಪರಾಗ, ಗುಹೆಗಳೊಳಗೆ ಹನಿಹನಿಯಾಗಿ ಬೆಳೆದ ಸುಣ್ಣದ ಕಂಬ, ಧ್ರುವದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಗಾಳಿಯ ಗುಳ್ಳೆ ಇವುಗಳನ್ನು ಒಪ್ಪಿಟ್ಟು ನೋಡುವರು. ಆಮೇಲೆ ಪ್ರತಿಯೊಂದು ಚೌಕದಲ್ಲಿಯೂ ಏರಿಳಿತ ಎಷ್ಟೆಂದು ಲೆಕ್ಕಹಾಕಿ, ಕಡಿಮೆ ಏರಿಳಿತವುಳ್ಳ ಚೌಕಕ್ಕೆ ಒಂದು ಬಣ್ಣ, ಹೆಚ್ಚಿನದಕ್ಕೆ ಇನ್ನೊಂದು ಬಣ್ಣ ಬಳಿಯುವರು. ಹೀಗೆ ಸಿದ್ಧವಾದ ಪಟವನ್ನು, ಬೇರೊಂದು ಕಡೆಗೂ ಹೋಗದೆ ಒಂದೇ ನೆಲಕ್ಕೆ ಸೀಮಿತವಾದ ಪ್ರಾಣಿಸಸ್ಯಗಳ ಪಟದೊಂದಿಗೆ ಹೋಲಿಸಿ ನೋಡಿದರೆ ಅನೇಕ ಕಡೆಗಳಲ್ಲಿ ಎರಡೂ ಒಂದರ ಮೇಲೊಂದು ಕುಳಿತುಕೊಳ್ಳುತ್ತವೆ.

ಸ್ಥಿರತೆಯನ್ನು ಅಳೆಯುವ ಇನ್ನೊಂದು ಉಪಾಯವೂ ಇದೆ. ತನಗೆ ಒಗ್ಗಿದ ಉಷ್ಣತೆಯಲ್ಲಿಯೇ ಇರಬೇಕಾದರೆ ಒಂದು ಜೀವಿಯು ವರ್ಷಕ್ಕೆ ಎಷ್ಟು ದೂರ ನಡೆಯಬೇಕು ಎಂಬುದೇ ಆ ಅಳತೆ. ಬೆಟ್ಟವನ್ನು ಏರುವಾಗ ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿ ತಂಪಾಗುವುದರಿಂದ, ಒಂದು ಡಿಗ್ರಿಯ ಸೆಕೆಯನ್ನು ತಪ್ಪಿಸಿಕೊಳ್ಳಲು ಮಲೆಯ ಗಿಡವು ನೂರರವತ್ತು ಮೀಟರಿನಷ್ಟು ಮೇಲೇರಿದರೆ ಸಾಕು. ಬಯಲಿನ ಗಿಡವು ಅದೇ ಒಂದು ಡಿಗ್ರಿಗಾಗಿ ನೂರಾರು ಕಿಲೋಮೀಟರು ಧ್ರುವಾಭಿಮುಖವಾಗಿ ಸಾಗಬೇಕು. 21,000 ವರ್ಷಗಳ ಅವಧಿಗೆ ಈ ನಡಿಗೆಯ ವೇಗವನ್ನು ಲೋಕದ ಎಲ್ಲ ಭಾಗಗಳಿಗೂ ಗುಣಿಸಿ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವೇಗವು ಕಡಿಮೆಯಾಗಿದ್ದ ಕಡೆಗಳಲ್ಲಿ ಅಲ್ಪವ್ಯಾಪ್ತಿಯ ಜೀವಿಗಳು ಗುಂಪುಗೂಡಿ ಉಳಿದಿವೆ. ಈ ನಂಟು ರೆಕ್ಕೆಯುಳ್ಳ ಹಕ್ಕಿಗಳಲ್ಲಿ ಎಲ್ಲಕ್ಕಿಂತ ದುರ್ಬಲವಾಗಿಯೂ, ದೂರ ಹೋಗಲಾರದ ಕಪ್ಪೆಗಳ ವರ್ಗದಲ್ಲಿ ಎಲ್ಲಕ್ಕಿಂತ ಬಲವಾಗಿಯೂ ಕಂಡಿತು. ಕಾರ್ಯಕಾರಣಸಂಬಂಧವನ್ನು ಸ್ಥಾಪಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅನ್ವಯವ್ಯತಿರೇಕವನ್ನು ಹುಡುಕುವುದು ಕಷ್ಟ.

ಉಳಿದುಕೊಂಡಿತು ಎಂದು ಪೂರ್ವಪಕ್ಷಿ ಹೇಳುವ ಜೀವಕೋಟಿಯು ಎಲ್ಲಿ ಉಳಿಯಿತು, ಎಲ್ಲಿ ಅಳಿಯಿತು ಎಂಬುದನ್ನೂ ನೋಡಬೇಕು. ಯೂರೋಪ್ ಖಂಡದಲ್ಲಿ ಹಿಮಯುಗಗಳಿಗೆ ಮುಂಚೆ ಸಂಪಿಗೆಯ ಕುಲದ ಮ್ಯಾಗ್ನೋಲಿಯ, ಟ್ಯೂಲಿಪ್ ಮರ, ಹಿಕರಿ, ಹೆಮ್ಲಾಕ್ ಮೊದಲಾದ ಮರಗಳು ಬೆಳೆಯುತ್ತಿದ್ದುವೆಂದು ಶಿಲೆಗಳೊಳಗಿನ ಎಲೆಬೀಜಗಳಿಂದ ತಿಳಿದಿದೆ. ಚಳಿಯು ದಕ್ಷಿಣಕ್ಕೆ ಅಟ್ಟಿಕೊಂಡು ಬಂದಾಗ ಪೂರ್ವಪಶ್ಚಿಮವಾಗಿ ಅಡ್ಡಬಿದ್ದ ಆಲ್ಪ್ಸ್ ಪರ್ವತಗಳೂ ಆಚೆಯ ಮೆಡಿಟರೇನಿಯನ್ ಸಮುದ್ರವೂ ದಾರಿಯನ್ನು ಕಟ್ಟಿದುವು. ಆ ಕುಲಗಳು ಯೂರೋಪಿನಲ್ಲಿ ನಿರ್ಮೂಲವಾದುವು. ಬ್ರಿಟನ್ನಿನಲ್ಲಿ ಇಂದಿಗೂ ಸ್ವಂತ ನೆಲದ ಶಂಕುಧಾರಿ ವೃಕ್ಷಗಳು ಮೂರೇ ಮೂರು. ಚೀನಾದ ಮಧ್ಯಭಾಗದ ಕಣಿವೆಗಳಲ್ಲಿಯಾದರೋ ಅಂಥ ಕುಲಗಳು ಈಗಲೂ ಬಾಳುತ್ತಿವೆ. 1941ರಲ್ಲಿ ಮಿಕಿ ಎಂಬ ಜಪಾನೀ ವಿದ್ವಾಂಸನು ಕೇವಲ ಪಳೆಯುಳಿಕೆಗಳನ್ನು ನೋಡಿ ಮೆಟಾಸಿಕೋಯ ಎಂದು ಒಂದು ಗತಿಸಿದ ಮರಕ್ಕೆ ಹೆಸರಿಟ್ಟನು. ಕೆಲವೇ ವರ್ಷಗಳಲ್ಲಿ ಆ ಮರ ಚೀನಾದ ಒಂದು ಹಳ್ಳಿಯ ಬಳಿ ಹಸಿರಾಗಿ ನಿಂತಿರುವುದು ಕಂಡುಬಂದು, 1948ರಲ್ಲಿ ಹೂ ಮತ್ತು ಚೆಂಗ್ ಎಂಬ ಚೀನೀ ಪಂಡಿತರು ಅದರ ಲಕ್ಷಣಗಳನ್ನು ಬರೆದರು. ಉತ್ತರಗೋಳಾರ್ಧದಲ್ಲಿ ಒಮ್ಮೆ ಹಬ್ಬಿದ್ದ ಮರಕ್ಕೆ ಕೊನೆಗೆ ದಕ್ಕಿದುದು ಒಂದು ಕಣಿವೆಯ ಮೂಲೆ. ಲಕ್ಷಾಂತರ ವರ್ಷ ಕಾಪಾಡಿದ ಆ ಮೂಲೆಯನ್ನು ಯಾರಾದರೂ ಕಡಿದು, ಅದರ ಬದಲಿಗೆ ಬೇರೊಂದು ಬೆಟ್ಟದಲ್ಲಿ ಸರ್ವೆ ನೆಟ್ಟಿದ್ದರೆ ಲೆಕ್ಕ ಚುಕ್ತವಾಗುತ್ತಿತ್ತೆ?

ಆಫ್ರಿಕದ ದಕ್ಷಿಣ ತುದಿಯ ಕೇಪ್ ಪ್ರಾಂತವು ಇನ್ನೊಂದು ನಿದರ್ಶನ. ವಿಸ್ತೀರ್ಣ ಸುಮಾರು 90,000 ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಅರ್ಧಕ್ಕೂ ಕಡಿಮೆ. ಅಷ್ಟರಲ್ಲಿ ಸುಮಾರು 9,000 ಜಾತಿಯ ಹೂಗಿಡಗಳಿದ್ದು ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಅಲ್ಲಿಯದು ಸಮೃದ್ಧ ಮಣ್ಣಲ್ಲ, ದಟ್ಟವಾದ ಮಳೆಯೂ ಇಲ್ಲ; ಚಳಿಗಾಲದಲ್ಲಿ ಬೀಳುವ ಮಳೆಯು ದೀರ್ಘಕಾಲ ಹೆಚ್ಚಿನ ಏರುಪೇರಿಲ್ಲದೆ ನಡೆದುಬಂದುದೇ ಆ ಸಂಪತ್ತಿಗೆ ಮುಖ್ಯಕಾರಣಗಳಲ್ಲೊಂದೆಂದು ಎಣಿಸುತ್ತಾರೆ. ತಾಂಜಾನಿಯದ ಉಲುಗುರು ಬೆಟ್ಟಗಳಲ್ಲಿ ಜೌಗಿನ ಕೆಸರನ್ನು ಕೊರೆದು ತೆಗೆದ ಪರಾಗವು ನಲವತ್ತು ಸಾವಿರ ವರ್ಷಗಳಿಗೂ ಮಿಕ್ಕ ಕಾಲದುದ್ದಕ್ಕೂ ಅಲ್ಲಿ ಕಾಡು ಕಾಡಾಗಿಯೇ ಇದ್ದುದನ್ನು ತೋರಿಸಿತು. ಹಿಂದೂಮಹಾಸಾಗರದ ಗಾಳಿಯು ಹಿಮಯುಗದಲ್ಲಿಯೂ ಆ ಬೆಟ್ಟಗಳಿಗೆ ತೇವವನ್ನು ಹೊತ್ತು ತರುವುದನ್ನು ನಿಲ್ಲಿಸಲಿಲ್ಲ.

ಅದೇ ಸಾಗರದ ಈಚೆಯ ದಡದಲ್ಲಿ ಸಹ್ಯಾದ್ರಿ ಇದೆ. ಇಲ್ಲಿಯ ಹಳಮೆ ಹಿಮಯುಗಗಳಿಗೂ ಹಿಂದಿನದು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಕ್ಖನ್ನಿನಲ್ಲಿ ಭೂಮಿ ಬಾಯಿಬಿಟ್ಟು ಕಾರಿದ ಲಾವಾರಸವು ಉತ್ತರದ ನೆಲವನ್ನೆಲ್ಲ ಮುಚ್ಚಿತು. ದಕ್ಷಿಣದ ಮಲೆಗಳು ಆ ಬೆಂಕಿಯಿಂದ ದೂರವಾಗಿದ್ದುವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ಸಹ್ಯಾದ್ರಿಯ ದೊಡ್ಡ ಶತಪದಿಗಳ ವಂಶಾವಳಿಯನ್ನು ಪರೀಕ್ಷಿಸಿ, ಪ್ರಾಚೀನ ಶಾಖೆಗಳು ದಕ್ಷಿಣದಲ್ಲಿ ಉಳಿದುಕೊಂಡು ಆಮೇಲೆ ಉತ್ತರಕ್ಕೆ ಹರಡಿದುವೆಂಬುದನ್ನು 2013ರಲ್ಲಿ ಪ್ರಕಟಿಸಿದರು. ನಿತ್ಯಹರಿದ್ವರ್ಣದ ಮರಗಳನ್ನು ಕುರಿತ 2023ರ ಒಂದು ಅಧ್ಯಯನವು ಅದೇ ದಕ್ಷಿಣಭಾಗದಲ್ಲಿ ಹಳೆಯ ಕುಲಗಳು ಉಳಿದಿರುವುದನ್ನೂ ಹೊಸ ಕುಲಗಳು ಹುಟ್ಟಿರುವುದನ್ನೂ ಒಟ್ಟಿಗೆ ಕಂಡಿತು. ಅಲ್ಲಿ ವರ್ಷದಲ್ಲಿ ಮಳೆಯಿಲ್ಲದ ತಿಂಗಳುಗಳು ಎರಡೋ ಮೂರೋ. ಉತ್ತರದ ತುದಿಗೆ ಹೋದರೆ ಆರಕ್ಕೂ ಹೆಚ್ಚು. ಇನ್ನು 2003ರಲ್ಲಿ ಪಂಡಿತರ ಕಣ್ಣಿಗೆ ಬಿದ್ದ ನೇರಿಳೆಬಣ್ಣದ ಕಪ್ಪೆಯ ಕಥೆ ಪುರಾಣದಂತಿದೆ. ವರ್ಷದ ಬಹುಭಾಗ ಮಣ್ಣೊಳಗಿದ್ದು ಗೆದ್ದಲು ತಿಂದು ಬದುಕುವ ಆ ಪ್ರಾಣಿ ಮುಂಗಾರಿನ ಹೊಸ್ತಿಲಲ್ಲಿ ಕೆಲವೇ ದಿನ ಮೇಲೆ ಬಂದು ಮೊಟ್ಟೆಯಿಟ್ಟು ಮತ್ತೆ ಮಣ್ಣು ಸೇರುತ್ತದೆ. ಅದರ ಮನೆತನಕ್ಕೆ ಹತ್ತಿರದ ದಾಯಾದಿಗಳಿರುವುದು ನೆರೆಯ ಸಿಂಹಳದಲ್ಲಿ ಅಲ್ಲ, ಸಮುದ್ರದ ನಡುವಣ ಸೇಶೆಲ್ಸ್ ದ್ವೀಪಗಳಲ್ಲಿ. ಇವೆರಡು ಮನೆಗಳು ಬೇರೆಯಾದುದು ಹತ್ತು ಕೋಟಿ ವರ್ಷಗಳಿಗೂ ಹಿಂದೆ, ಆ ಭೂಭಾಗಗಳು ಇನ್ನೂ ಒಂದಾಗಿದ್ದಾಗ. ಅಷ್ಟು ಕಾಲ ಒಂದು ಕಪ್ಪೆಯ ಮನೆತನವು ನಡೆದುಬಂದಿತೆಂದರೆ ಅದಕ್ಕೆ ಬೇಕಾದ ತೇವವು ಎಲ್ಲಿಯೋ ಒಂದು ಕಡೆ, ಒಂದು ವರ್ಷವೂ ಪೂರ್ತಿಯಾಗಿ ಕೈಬಿಡದೆ ಒದಗಿರಲೇಬೇಕು.

ಇಲ್ಲಿ ಪೂರ್ವಪಕ್ಷಿಗೆ ಒಂದು ನ್ಯಾಯವಾದ ಆಕ್ಷೇಪವಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಗಣಿತದಿಂದ ಬರೆದ ಪಟವನ್ನು ನಂಬುವುದು ಹೇಗೆ? ಜರ್ಮನಿಯಲ್ಲಿ ಹುಟ್ಟಿದ ಹಾಫರ್ ಎಂಬಾತನು 1969ರಲ್ಲಿ ಅಮೆಜಾನ್ ಹಕ್ಕಿಗಳ ನೆಲೆಗಳನ್ನು ನೋಡಿ, ಹಿಮಯುಗದ ಒಣಕಾಲದಲ್ಲಿ ಆ ಮಹಾರಣ್ಯವು ಒಡೆದು ದ್ವೀಪಗಳಂತೆ ಅಲ್ಲಲ್ಲಿ ಮಾತ್ರ ಉಳಿದಿತ್ತೆಂದು ಊಹಿಸಿದನು. ಕಾಲು ಶತಮಾನ ಆ ಊಹೆಯು ಪಾಠಪುಸ್ತಕಗಳಲ್ಲಿ ಮೆರೆಯಿತು. 1996ರಲ್ಲಿ ಕೋಲಿನ್‌ವಾ ಮತ್ತು ಸಂಗಡಿಗರು ಪಾಟಾ ಎಂಬ ಸರೋವರದ ಕೆಸರನ್ನು ತೆಗೆದು ನೋಡಿದರೆ, ಅಲ್ಲಿ ಕಾಡು ಮುರಿದೇ ಇರಲಿಲ್ಲ! ಆದುದರಿಂದ ಪಟಗಳನ್ನು ತಿದ್ದಬೇಕಾದೀತು, ಕೆಲವನ್ನು ಹರಿದೆಸೆಯಬೇಕಾದೀತು. ಆದರೆ ಆ ವಾದದಲ್ಲಿ ಸೋತದ್ದು ಯಾವುದೆಂಬುದನ್ನು ಗಮನಿಸಬೇಕು. ಕಾಡು ಒಡೆಯಿತೆಂಬುದು ಸೋತಿತೇ ಹೊರತು, ಬಹುಕಾಲ ಕೆಡದೆ ಉಳಿದ ನೆಲದಲ್ಲಿ ಜೀವಿಗಳು ಹೆಚ್ಚೆಂಬುದು ಸೋಲಲಿಲ್ಲ. ಬ್ರೆಜಿಲಿನ ಕಡಲಂಚಿನ ಕಾಡಿನಲ್ಲಿ ಇದೇ ರೀತಿಯ ಪಟವನ್ನು ಮೊದಲು ಬರೆದು, ಆಮೇಲೆ ಮರಗಪ್ಪೆಗಳ ವಂಶಸಾಕ್ಷ್ಯದೊಡನೆ ತಾಳೆನೋಡಿದಾಗ, ಪಟವು ಸ್ಥಿರವೆಂದು ಹೇಳಿದ ಬಾಹಿಯ ಪ್ರಾಂತದಲ್ಲಿಯೇ ವಂಶವೈವಿಧ್ಯ ಹೆಚ್ಚಾಗಿ ಕಂಡಿತು. ಇದು 2009ರಲ್ಲಿ ಪ್ರಕಟವಾಯಿತು. ಮುಂದಾಗಿ ಹೇಳಿ ಆಮೇಲೆ ಪರೀಕ್ಷೆಗೊಡ್ಡಿಕೊಳ್ಳುವ ಪಟವನ್ನು ಬರಿಯ ಊಹೆಯೆಂದು ತಳ್ಳುವಂತಿಲ್ಲ.

ಸ್ಥಿರವೆಂದರೆ ನಿಶ್ಚಲವೆಂದೂ ಭಾವಿಸಬಾರದು. ಈ ಅಪಾರ್ಥದಿಂದ ಕಾಡಿನ ಅಭಿಮಾನಿಗಳೇ ಕೆಲವೊಮ್ಮೆ ದೊಡ್ಡ ಹಾನಿ ಮಾಡಿದ್ದಾರೆ. ನೀಲಗಿರಿಯ ಎತ್ತರದ ಜೌಗುಗಳಲ್ಲಿ ಕೊಳೆತ ಸಸ್ಯಗಳಿಂದಾದ ಕಪ್ಪುಮಣ್ಣು ಪದರ ಪದರವಾಗಿ ಕೂತಿದೆ. ಮರಗಳು ಗಾಳಿಯಿಂದ ಹೀರುವ ಇಂಗಾಲಕ್ಕೂ ಉಷ್ಣವಲಯದ ಹುಲ್ಲು ಹೀರುವ ಇಂಗಾಲಕ್ಕೂ ಒಂದು ಸೂಕ್ಷ್ಮವಾದ ಪ್ರಮಾಣಭೇದವಿರುವುದರಿಂದ, ಯಾವ ಪದರದಲ್ಲಿ ಹುಲ್ಲು ಹೆಚ್ಚು, ಯಾವುದರಲ್ಲಿ ಮರ ಹೆಚ್ಚು ಎಂದು ತಿಳಿಯಬಹುದು. ಸುಕುಮಾರ್, ರಮೇಶ್ ಮೊದಲಾದವರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಮಣ್ಣಿನ ಇಪ್ಪತ್ತು ಸಾವಿರ ವರ್ಷಗಳ ಚರಿತ್ರೆಯನ್ನು ಓದಿ ತೋರಿಸಿದರು. ಹಿಮಯುಗದ ಒಣಕಾಲದಲ್ಲಿ ಅಲ್ಲಿ ಹುಲ್ಲುಗಾವಲೇ ಪ್ರಧಾನವಾಗಿತ್ತು. ಮಳೆ ಬಲಿತ ಮೇಲೆ ಶೋಲಾ ಕಾಡು ಹಿಗ್ಗಿತು. ಹುಲ್ಲು ಹಿಂದೆ ಸರಿಯಿತು, ಆದರೆ ಇಲ್ಲವಾಗಲಿಲ್ಲ. ಕಾಡೂ ಹುಲ್ಲೂ ಒಂದೇ ಬೆಟ್ಟದ ಮೇಲೆ ಜಾಗ ಬಿಟ್ಟುಕೊಡುತ್ತ ಪಡೆಯುತ್ತ ಎರಡೂ ಬದುಕಿದುವು. ಎಲ್ಲಿಗೂ ದೂರ ಓಡಬೇಕಾಗಲಿಲ್ಲ ಎಂಬುದೇ ಸ್ಥಿರತೆಯ ಅರ್ಥ.

ಇಂಥ ಇಪ್ಪತ್ತು ಸಾವಿರ ವರ್ಷದ ಹುಲ್ಲುಗಾವಲನ್ನು ಬ್ರಿಟಿಷರು ಪಾಳುಭೂಮಿಯೆಂದು ಕರೆದರು. ಕಾಡು ಕಡಿದುದರಿಂದ ಉಂಟಾದ ಬರಡು ಎಂದು ಬಗೆದು ಅದರ ಮೇಲೆ ಆಸ್ಟ್ರೇಲಿಯದ ವ್ಯಾಟಲ್ ಮರವನ್ನೂ ಯೂಕಲಿಪ್ಟಸ್ ಮರವನ್ನೂ ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಅದೇ ನಡೆಯಿತು. ಇದು ಹಾಳುಮಾಡಬೇಕೆಂದು ಮಾಡಿದ ಕೆಲಸವಲ್ಲ. ಹಸಿರು ಹೆಚ್ಚಿಸಬೇಕೆಂದು ಮಾಡಿದ ಕೆಲಸ. ಹುಲ್ಲನ್ನೇ ನಂಬಿದ್ದ ನೀಲಗಿರಿ ತಾರ್ ಎಂಬ ಕಾಡುಮೇಕೆಗೆ ನೆಲೆ ಕುಗ್ಗಿತು, ಜೌಗುಗಳು ಬತ್ತಿದುವು, ವ್ಯಾಟಲ್ ತಾನೇತಾನಾಗಿ ಹಬ್ಬಿತು. ವಿನೋದವೆಂದರೆ, ಆ ಪರದೇಶದ ಮರವನ್ನು ಕನ್ನಡಿಗರು ಈಗ ಕರೆಯುವುದೇ ನೀಲಗಿರಿಯೆಂದು! ಬೆಟ್ಟದ ಹೆಸರನ್ನು ಬೆಟ್ಟವನ್ನು ಕೆಡಿಸಿದ ಮರಕ್ಕೆ ಕೊಟ್ಟ ಇಂಥ ಔದಾರ್ಯವನ್ನು ಬೇರೆ ಭಾಷೆಗಳಲ್ಲಿ ಹುಡುಕಬೇಕು.

ಈಗ ಎರಡನೆಯ ವಾದಕ್ಕೆ, ಎಂದರೆ ಬದಲಿ ಗಿಡದ ವಾದಕ್ಕೆ ಬರಬಹುದು. ಉತ್ತರಕನ್ನಡದ ಸಿದ್ದಾಪುರ ಸೀಮೆಯಲ್ಲಿ ಕತ್ತಲೆಕಾನು ಎಂಬ ಒಂದು ಕಾನು ಇದೆ. ಕಾನು ಎಂಬ ಶಬ್ದವನ್ನು ಮಲೆನಾಡಿಗರು ಎಲ್ಲ ಕಾಡಿಗೂ ಬಳಸುವುದಿಲ್ಲ. ಬೆಂಕಿಯಿಂದಲೂ ಕೊಡಲಿಯಿಂದಲೂ ತಲೆತಲಾಂತರ ಕಾಪಾಡಿಕೊಂಡು ಬಂದ ಸದಾ ಹಸಿರಾದ, ನೀರಿನ ಸೆಲೆಯುಳ್ಳ ಕಾಡಿಗೆ ಆ ಹೆಸರು. ಕತ್ತಲೆಕಾನಿನ ಹಳ್ಳದ ಇಕ್ಕೆಲದ ಕೆಸರಿನಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ಅಲ್ಲಿಯ ಮರಗಳು ಉಸಿರಾಟಕ್ಕಾಗಿ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಮಡಿಸಿದ ಮಂಡಿಯಂತೆ ಎತ್ತಿಕೊಂಡು ನಿಂತಿರುವುವು. ರಾಮಪತ್ರೆಯ ಜಾತಿಯ ಬೀಜ ದಪ್ಪವಾದುದು, ಗಾಳಿಯಲ್ಲಿ ಹಾರದು, ಒಣಗಿಸಿ ಡಬ್ಬದಲ್ಲಿಡಲು ಬಾರದು. ಮಂಗಟ್ಟೆಯಂಥ ದೊಡ್ಡ ಹಕ್ಕಿ ನುಂಗಿ ಹೊತ್ತೊಯ್ದರೆ ಉಂಟು, ಇಲ್ಲದಿದ್ದರೆ ತಾಯಿಮರದ ಬುಡದಲ್ಲಿಯೇ. 2000ನೆಯ ಇಸವಿಯಲ್ಲಿ ಈ ಜಡ್ಡಿಯಿಂದ ಕರಿಗೇರಿನ ಕುಲಕ್ಕೆ ಸೇರಿದ ಒಂದು ಹೊಸ ಮರವನ್ನು ಶಾಸ್ತ್ರಕ್ಕೆ ಪರಿಚಯಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಆ ಜಾತಿಯು ಈಗ ಅಳಿವಿನ ಅಂಚಿನಲ್ಲಿದೆ. ಇಂಥದೊಂದು ಕಾನು ಇಂದು ಇಲ್ಲಿದೆಯೆಂದರೆ, ಆ ಹಳ್ಳದ ಮಗ್ಗುಲಿನಲ್ಲಿ ಬೇಸಗೆಯೆಲ್ಲ ಕಳೆದರೂ ಆರದ ತೇವವು ಸಾವಿರಾರು ವರ್ಷ ತಪ್ಪದೆ ಇತ್ತೆಂದು ಅರ್ಥ. ಅದನ್ನು ನೆಡುವುದು ಹೇಗೆ? ಗಿಡವನ್ನು ನೆಡಬಹುದು, ಹಿಂದಿನ ಸಾವಿರ ಮಳೆಗಾಲಗಳನ್ನು ನೆಡುವ ಗುದ್ದಲಿಯನ್ನು ಯಾವ ಇಲಾಖೆಯೂ ಇನ್ನೂ ಕೊಂಡಿಲ್ಲ.

1980ರ ಅರಣ್ಯಸಂರಕ್ಷಣಾ ಶಾಸನದ ಕೆಳಗೆ ಬೆಳೆದುಬಂದ ಪದ್ಧತಿಯ ಪ್ರಕಾರ ಕಾಡನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟರೆ ಅಷ್ಟೇ ವಿಸ್ತೀರ್ಣದ ಕಾಡಲ್ಲದ ನೆಲದಲ್ಲಿ, ಇಲ್ಲವೆ ಅದರ ಎರಡು ಪಟ್ಟು ಕ್ಷೀಣಿಸಿದ ಕಾಡಿನಲ್ಲಿ, ಗಿಡ ನೆಡತಕ್ಕದ್ದು. 2016ರಲ್ಲಿ ಇದರ ಹಣಕ್ಕೆ ಪ್ರತ್ಯೇಕವಾದ ನಿಧಿಯ ಶಾಸನವೂ ಆಯಿತು. ಏನೂ ಇಲ್ಲದಿರುವುದಕ್ಕಿಂತ ಇದು ಮೇಲೆಂಬುದು ನಿಜ. ಆದರೆ ಈ ಲೆಕ್ಕದ ಬುದ್ಧಿ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಗ್ರೇಟ್ ನಿಕೋಬಾರ್ ದ್ವೀಪವು ಸಾಕ್ಷಿ. ಬಂದರು, ವಿಮಾನನಿಲ್ದಾಣ, ಹೊಸ ನಗರ ಇವುಗಳಿಗಾಗಿ ಅಲ್ಲಿಯ ಸುಮಾರು 130 ಚದರ ಕಿಲೋಮೀಟರು ಮಳೆಕಾಡನ್ನು ಬಿಟ್ಟುಕೊಡಲು 2022ರಲ್ಲಿ ತಾತ್ತ್ವಿಕ ಒಪ್ಪಿಗೆ ದೊರೆತಾಗ, ಅದಕ್ಕೆ ಬದಲಾಗಿ ಗಿಡ ನೆಡಲು ಗೊತ್ತುಮಾಡಿದ ಸ್ಥಳ ಹರಿಯಾಣ! ನಿಕೋಬಾರಿನ ಮೆಗಪೋಡ್ ಹಕ್ಕಿ ಮಣ್ಣೂ ಎಲೆಯೂ ಸೇರಿದ ದಿಬ್ಬವನ್ನು ಕೂಡಿಹಾಕಿ ಅದರ ಕಾವಿನಿಂದಲೇ ಮೊಟ್ಟೆಯನ್ನು ಮರಿಮಾಡಿಸುತ್ತದೆ; ಆ ದ್ವೀಪಸಮೂಹದ ಹೊರಗೆ ಅದು ಎಲ್ಲಿಯೂ ಇಲ್ಲ. ಎರಡು ಸಾವಿರ ಕಿಲೋಮೀಟರಿಗೂ ಆಚೆ, ಬೇಸಗೆಯಲ್ಲಿ ಲೂ ಎಂಬ ಬಿಸಿಗಾಳಿ ಬೀಸುವ ಬಯಲಿನಲ್ಲಿ ನೆಟ್ಟ ಸಸಿಗಳಿಂದ ಆ ಹಕ್ಕಿಗೆ ಸಂದದ್ದೇನು? ತೋಟದ ಅಡಕೆಮರವನ್ನು ಕಡಿದುಹಾಕಿ, ನಿಮಗೆ ರಾಜಸ್ಥಾನದಲ್ಲಿ ಎರಡು ಖರ್ಜೂರದ ಗಿಡ ನೆಟ್ಟಿದ್ದೇವೆ ಎಂದರೆ ಯಾವ ಗೃಹಸ್ಥನು ರಶೀದಿಗೆ ರುಜು ಹಾಕಿಯಾನು?

ಇಷ್ಟು ಹೇಳಿದ ಮೇಲೆ ಚತುರನಾದ ಪೂರ್ವಪಕ್ಷಿಯು ಬೇರೊಂದು ದಾರಿ ಹಿಡಿಯುವನು. ಹಿಂದೆ ಸ್ಥಿರವಾಗಿದ್ದ ನೆಲಗಳು ಮುಂದೆಯೂ ಸ್ಥಿರವಾಗಿರುವುವೆಂದು ಯಾರು ಹೇಳಿದರು? ಹೇಗೂ ಕೆಡುವುದಾದರೆ ಕಾಪಾಡುವ ಶ್ರಮವೇಕೆ? ಪ್ರಶ್ನೆಯ ಮೊದಲ ಅರ್ಧವು ದುರ್ದೈವದಿಂದ ಸತ್ಯವಾದುದು. ಕಳೆದ 21,000 ವರ್ಷಗಳ ವಾಯುಗುಣವನ್ನು ಮುಂದಿನ ನೂರು ವರ್ಷದ ಅಂದಾಜಿನೊಡನೆ ಹೋಲಿಸಿ 2020ರಲ್ಲಿ ಪ್ರಕಟವಾದ ಒಂದು ಲೋಕವ್ಯಾಪಿ ಅಧ್ಯಯನವು, ಹಿಂದೆ ಅತ್ಯಂತ ಸ್ಥಿರವಾಗಿದ್ದ ನೆಲೆಗಳ ಮೇಲೆಯೇ ಮುಂದಿನ ತಾಪದ ಪೆಟ್ಟು ವಿಶೇಷವಾಗಿ ಬೀಳುವುದೆಂದು ಕಂಡುಕೊಂಡಿತು. ಕಾರಣವು ಗೂಢವಲ್ಲ. ಏರಿಳಿತವನ್ನೇ ಕಾಣದೆ ಬೆಳೆದ ಜೀವಿಯ ಸಹನೆಯ ಎಲ್ಲೆ ಕಿರಿದು. ಉಷ್ಣವಲಯದ ಪ್ರಾಣಿಗೆ ಬೆಟ್ಟದ ಒಂದು ಕಣಿವೆಮಾರ್ಗವು, ಚಳಿದೇಶದ ಪ್ರಾಣಿಗೆ ಅಷ್ಟೇ ಎತ್ತರದ ಮಾರ್ಗಕ್ಕಿಂತ ಹೆಚ್ಚು ಎತ್ತರವಾಗಿ ತೋರುವುದೆಂದು ಜ್ಯಾನ್ಸೆನ್ ಎಂಬ ಅಮೇರಿಕದ ವಿದ್ವಾಂಸನು 1967ರಲ್ಲಿಯೇ ವಿವರಿಸಿದ್ದನು. ವೇಗವನ್ನೂ ನೋಡಬೇಕು. ಹಿಮಯುಗದಿಂದ ಹೊರಬರುವಾಗ ಭೂಮಿಯ ಸರಾಸರಿ ಉಷ್ಣತೆಯು ಐದಾರು ಡಿಗ್ರಿ ಏರುವುದಕ್ಕೆ ಎಂಟು ಹತ್ತು ಸಾವಿರ ವರ್ಷ ಹಿಡಿಯಿತು. ಎಂದರೆ ನೂರು ವರ್ಷಕ್ಕೆ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲೂ ಇಲ್ಲ. ಈಗಿನದು ಒಂದು ಶತಮಾನದಲ್ಲಿಯೇ ಒಂದು ಡಿಗ್ರಿಯನ್ನು ದಾಟಿದೆ, 2024ರ ಒಂದು ವರ್ಷದ ಸರಾಸರಿಯು ಯಂತ್ರಯುಗಕ್ಕೆ ಹಿಂದಿನದಕ್ಕಿಂತ ಒಂದೂವರೆ ಡಿಗ್ರಿಯನ್ನು ಮೀರಿತು. ಈ ಶತಮಾನದಲ್ಲಿ ಜೀವಿಗಳು ತಮ್ಮ ಉಷ್ಣತೆಯನ್ನು ಹಿಡಿದಿಟ್ಟುಕೊಳ್ಳಲು ಸರಾಸರಿ ವರ್ಷಕ್ಕೆ 0.42 ಕಿಲೋಮೀಟರು ಸಾಗಬೇಕೆಂದು 2009ರ ಒಂದು ಲೆಕ್ಕ; ಬೆಟ್ಟಸೀಮೆಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ಬಯಲಿನಲ್ಲಿ ಹೆಚ್ಚು. ಹಿಂದೆಯೂ ಬದಲಾಗಿತ್ತು ಎನ್ನುವವನು ಮೆಟ್ಟಿಲಿಳಿದು ಬಂದವನನ್ನೂ ಮಹಡಿಯಿಂದ ಬಿದ್ದವನನ್ನೂ ಇಬ್ಬರೂ ಕೆಳಗೆ ಬಂದರಲ್ಲವೆ ಎಂದು ಒಂದುಮಾಡುತ್ತಾನೆ.

ಆದರೆ ಪ್ರಶ್ನೆಯ ಎರಡನೆಯ ಅರ್ಧವು ಇದರಿಂದ ಸಿದ್ಧಿಸುವುದಿಲ್ಲ. ಅದಕ್ಕೆ ವಿರುದ್ಧವಾದುದು ಸಿದ್ಧಿಸುತ್ತದೆ. ಬೆಟ್ಟದ ಜೀವಿಗೆ ಬದುಕುವ ದಾರಿ ಉಳಿದಿದ್ದರೆ ಅದು ನೂರಿನ್ನೂರು ಮೀಟರು ಮೇಲೇರುವ ದಾರಿಯೇ. ಆ ದಾರಿ ಅಖಂಡವಾಗಿರಬೇಕು. ನಡುವೆ ನಾಲ್ಕು ಪಥದ ರಸ್ತೆಯನ್ನೋ, ವಿದ್ಯುತ್ತಂತಿಗಾಗಿ ಬೋಳಿಸಿದ ಪಟ್ಟಿಯನ್ನೋ, ಹೊಸ ಜಲಾಶಯವನ್ನೋ ಅಡ್ಡಹಾಕಿದರೆ ಆಲ್ಪ್ಸ್ ಪರ್ವತವು ಯೂರೋಪಿನ ಮರಗಳಿಗೆ ಮಾಡಿದುದನ್ನೇ ಮನುಷ್ಯನು ಸಹ್ಯಾದ್ರಿಯ ಜೀವಿಗಳಿಗೆ ಮಾಡಿದಂತಾಯಿತು. ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಕೆಳಬಿಟ್ಟು 2,000 ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಯೋಜನೆಯ ಸುತ್ತ ಎದ್ದಿರುವ ವಿವಾದವು ಈ ಕಾರಣಕ್ಕಾಗಿ ಬರಿಯ ಮರಗಳ ಎಣಿಕೆಯ ವಿವಾದವಲ್ಲ. ಅಲ್ಲಿಯ ಸಿಂಗಳೀಕವು ಮರದಿಂದ ಮರಕ್ಕೆ ನಡೆಯುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಸಹ್ಯಾದ್ರಿಯಲ್ಲಿ ಅದರ ಬೀಡಿನ ಉತ್ತರದ ಮೇರೆ ಈ ಶರಾವತಿ ಅಘನಾಶಿನಿಗಳ ಸೀಮೆ. ಸೂರ್ಯನಿಂದಲೂ ಗಾಳಿಯಿಂದಲೂ ಪಡೆದ ವಿದ್ಯುತ್ತನ್ನು ರಾತ್ರಿಗಾಗಿ ಕೂಡಿಡಬೇಕೆಂಬ ಅವಶ್ಯಕತೆ ನಿಜವಾದುದು. ಕಲ್ಲಿದ್ದಲನ್ನು ಬಿಡಬೇಕಾದರೆ ಇಂಥ ಏರ್ಪಾಡು ಎಲ್ಲಿಯಾದರೂ ಬೇಕು. ಎಲ್ಲಿಯಾದರೂ ಬೇಕೆಂಬುದರಿಂದ ಇಲ್ಲಿಯೇ ಬೇಕೆಂಬುದು ಹೊರಡುವುದಿಲ್ಲ. ನೀರನ್ನು ಎತ್ತಲು ಎತ್ತರ ತಗ್ಗುಗಳಿರುವ ಒಣಗುಡ್ಡಗಳು ದಕ್ಖನ್ನಿನಲ್ಲಿ ಇಲ್ಲದಿಲ್ಲ. ಸಿಂಗಳೀಕಕ್ಕೆ ಬೇಕಾದ ಕಾಡು ಅಲ್ಲಿ ಇಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಯು ಸುಪ್ರೀಂ ಕೋರ್ಟಿನ ಆಜ್ಞೆಯಿಂದ 2005ರ ಕೊನೆಗೆ ನಿಂತಾಗಲೂ ದೇಶದ ಕೈಗಾರಿಕೆ ಮುಳುಗುವುದೆಂದು ಹೇಳಿದವರಿದ್ದರು. ಅದಿರು ಬೇರೆಡೆಯಿಂದ ಬಂದಿತು.

ಈ ಪಟಗಳಿಂದ ಒಂದು ಹೊಸ ಕೇಡೂ ಹುಟ್ಟಬಹುದು. ಗಾಢವಾದ ಬಣ್ಣ ಬಿದ್ದ ಚೌಕಗಳನ್ನು ಮಾತ್ರ ಉಳಿಸಿ, ಉಳಿದುದನ್ನೆಲ್ಲ ಯಥೇಚ್ಛವಾಗಿ ಉಪಯೋಗಿಸಬಹುದೆಂದು ಯಾರಾದರೂ ಹೇಳಿಯಾರು. ಬಯಲುಸೀಮೆಯ ಎರೆಭೂತ ಹಕ್ಕಿಗೆ ಬೆಟ್ಟದ ಆಶ್ರಯವಿಲ್ಲ, ಸ್ಥಿರವಾಯುಗುಣದ ಹೆಗ್ಗಳಿಕೆಯೂ ಇಲ್ಲ. ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಅದು ಬೆರಳೆಣಿಕೆಗೆ ಬಂದಿದೆ. ಅದಕ್ಕೆ ಓಡಲು ದೂರ ಹೆಚ್ಚಾದುದರಿಂದಲೇ ನೆಲವೂ ವಿಶಾಲವಾಗಿ ಬೇಕು. ಪಟವು ಯಾವುದನ್ನು ಬದಲಿಸಲಾಗದೆಂದು ಹೇಳುತ್ತದೆ. ಯಾವುದನ್ನು ಹಾಳುಮಾಡಬಹುದೆಂದು ಹೇಳುವುದಿಲ್ಲ.

ಕಾಡನ್ನು ಬಿಟ್ಟುಕೊಡುವ ಕಾಗದಪತ್ರಗಳಲ್ಲಿ ವಿಸ್ತೀರ್ಣಕ್ಕೆ ಒಂದು ಅಂಕಣವಿದೆ, ಮರಗಳ ಸಂಖ್ಯೆಗೆ ಒಂದು, ಕಾಡಿನ ಬಗೆಗೂ ನೆತ್ತಿಯ ದಟ್ಟಣೆಗೂ ತಕ್ಕಂತೆ ಹೆಕ್ಟೇರಿಗೆ ಕಟ್ಟುವ ರೂಪಾಯಿಗಳಿಗೆ ಒಂದು. ಆ ನೆಲದ ಮಳೆಬಿಸಿಲು ಎಷ್ಟು ಸಾವಿರ ವರ್ಷಗಳಿಂದ ಹೆಚ್ಚು ಕದಲದೆ ಬಂದಿದೆ, ಅದರಿಂದ ಅಲ್ಲಿ ಮಾತ್ರ ಉಳಿದಿರುವ ಜೀವಿಗಳು ಯಾವುವು ಎಂದು ಕೇಳುವ ಅಂಕಣವಿಲ್ಲ. ಬೆಂಗಳೂರಿನಲ್ಲಿಯೂ ಹೈದರಾಬಾದಿನಲ್ಲಿಯೂ ಇದಕ್ಕೆ ಉತ್ತರ ಬರೆಯಬಲ್ಲ ವಿದ್ವಾಂಸರಿದ್ದಾರೆ, ಪಟಗಳು ಪ್ರಕಟವಾಗಿವೆ. ಸಾರ್ವಜನಿಕ ಅಹವಾಲಿನ ದಿನ ಆಕ್ಷೇಪಣೆಯನ್ನು ಬರೆದು ಕೊಡುವ ಹಕ್ಕು ಜಿಲ್ಲೆಯ ಪ್ರತಿಯೊಂದು ಮನೆಗೂ ಉಂಟು. ಮರವೆಷ್ಟು ಎಂದು ಕೇಳುವ ಬದಲು ಈ ಪ್ರಶ್ನೆಯನ್ನು ಮೊದಲು ಬರೆದು, ಬದಲಿಗೆ ಗೊತ್ತುಮಾಡಿದ ಸ್ಥಳದ ವಿಷಯದಲ್ಲಿಯೂ ಅದನ್ನೇ ಕೇಳಿ, ಎರಡು ಉತ್ತರಗಳನ್ನೂ ಅಕ್ಕಪಕ್ಕದಲ್ಲಿ ಇಡುವಂತೆ ಒತ್ತಾಯಿಸಬೇಕು.